ನೋವಿನ ಗುಳಿಗೆ ಬೇರೆ, ರೋಗದ ಗುಳಿಗೆ ಬೇರೆ
ರುಮಟಾಯ್ಡ್ ಸಂಧಿವಾತವನ್ನು ತಿಳಿದುಕೊಳ್ಳೋಣ, ಅದರೊಡನೆ ಬಾಳುವುದನ್ನು ಕಲಿಯೋಣ



ಬೆಳಿಗ್ಗೆ ಹೊರರೋಗಿ ವಿಭಾಗದ ಬಾಗಿಲು ತೆರೆಯುವ ಮೊದಲೇ ಬೆಂಚಿನ ಮೇಲೆ ಬಂದು ಕುಳಿತವರಲ್ಲಿ ಕೆಲವು ತಾಯಂದಿರನ್ನು ನೋಡಿದ ಕೂಡಲೇ ಅವರ ಕಾಯಿಲೆ ಯಾವುದೆಂದು ಅಂದಾಜು ಮಾಡಬಹುದು. ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಹಿಡಿದುಕೊಂಡು ಕುಳಿತಿರುತ್ತಾರೆ. ಚೀಟಿ ಕೊಡಲು ಕೈ ಚಾಚಿದಾಗ ಬೆರಳ ಗೆಣ್ಣುಗಳು ಬಾತಿರುವುದು ಕಾಣುತ್ತದೆ. "ಗುಳಿಗಿ ತಗೊಂಡ್ರ ಒಂದ್ ದಿನಾ ಆರಾಮ ಇರ್ತೈತ್ರಿ ಸಿಸ್ಟರ್, ಮರುದಿನಾ ಮತ್ತ ಅಷ್ಟ. ಮುಂಜಾನಿ ರೊಟ್ಟಿ ಹಿಟ್ಟು ನಾದಾಕ ಆಗೂದಿಲ್ಲ" ಎನ್ನುತ್ತಾರೆ. ಯಾವ ಗುಳಿಗೆ ಎಂದು ಕೇಳಿದರೆ ಚೀಲದಿಂದ ನೋವಿನ ಗುಳಿಗೆಯ ಖಾಲಿ ಪಟ್ಟಿಗಳನ್ನು ತೆಗೆದು ತೋರಿಸುತ್ತಾರೆ. ಹೀಗೆಯೇ ಎರಡು ವರ್ಷ, ಮೂರು ವರ್ಷ ಕಳೆದಿರುತ್ತದೆ.

ಈ ಪುಟಗಳಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ನೋವನ್ನು ಕಡಿಮೆ ಮಾಡುವ ಗುಳಿಗೆ ಬೇರೆ, ರೋಗವನ್ನು ತಡೆಯುವ ಗುಳಿಗೆ ಬೇರೆ. ಮೊದಲನೆಯದನ್ನು ಮಾತ್ರ ನುಂಗುತ್ತ ಕುಳಿತರೆ ನೋವು ತಿಳಿಯದಂತೆಯೇ ಕೀಲು ಹಾಳಾಗುತ್ತ ಹೋಗುತ್ತದೆ. ಎರಡನೆಯದನ್ನು ಸರಿಯಾಗಿ, ಹೇಳಿದ ದಿನವೇ, ಹೇಳಿದಷ್ಟೇ ತೆಗೆದುಕೊಂಡರೆ ಬಹಳಷ್ಟು ಜನರು ಮೊದಲಿನಂತೆ ಮನೆ, ಹೊಲ, ಕೆಲಸ ನೋಡಿಕೊಂಡು ಇರಬಲ್ಲರು. ದಯವಿಟ್ಟು ನಿಧಾನವಾಗಿ ಓದಿ. ಓದಲು ಬಾರದವರಿಗೆ ಜೊತೆಗಿರುವವರು ಓದಿ ಹೇಳಿ.

ಈ ರೋಗ ಎಂದರೇನು?

ನಮ್ಮ ದೇಹದೊಳಗೆ ರೋಗಾಣುಗಳ ವಿರುದ್ಧ ಹೋರಾಡುವ ಒಂದು ರಕ್ಷಣಾ ವ್ಯವಸ್ಥೆ ಇದೆ. ಅದನ್ನೇ ರೋಗನಿರೋಧಕ ಶಕ್ತಿ ಎನ್ನುತ್ತೇವೆ. ಹೊರಗಿನಿಂದ ಬಂದದ್ದು ಯಾವುದು, ನಮ್ಮದೇ ಯಾವುದು ಎಂದು ಗುರುತಿಸುವುದು ಅದರ ಕೆಲಸ. ಕೆಲವರಲ್ಲಿ ಈ ಗುರುತು ತಪ್ಪಿ, ಅದು ತನ್ನ ದೇಹದ ಮೇಲೆಯೇ ಎರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಂಥ ಕಾಯಿಲೆಗಳಿಗೆ ಆಟೋಇಮ್ಯೂನ್ ಕಾಯಿಲೆಗಳು ಎಂದು ಹೆಸರು. ಕೀಲುಗಳಿಗೆ ಬರುವ ಇಂಥ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವುದು ರುಮಟಾಯ್ಡ್ ಸಂಧಿವಾತ. ಆಸ್ಪತ್ರೆಯ ಚೀಟಿಯಲ್ಲಿ ಇದನ್ನು ಆರ್.ಎ. ಎಂದು ಬರೆದಿರುತ್ತಾರೆ.

ಎರಡು ಎಲುಬುಗಳು ಕೂಡುವಲ್ಲಿ ಕೀಲು ಇರುತ್ತದೆ. ಕೀಲಿನ ಒಳಗೆ ತೆಳುವಾದ ಒಂದು ಪದರವಿದ್ದು, ಅದು ಕೀಲಿಗೆ ಎಣ್ಣೆಯಂತೆ ಜಾರುವ ದ್ರವವನ್ನು ಒದಗಿಸುತ್ತದೆ. ಆರ್.ಎ.ಯಲ್ಲಿ ಈ ಪದರ ಬಾತು ದಪ್ಪವಾಗುತ್ತದೆ, ಕೀಲಿನೊಳಗೆ ನೀರು ತುಂಬುತ್ತದೆ. ಚಿಕಿತ್ಸೆ ಸಿಗದಿದ್ದರೆ ದಪ್ಪವಾದ ಆ ಪದರವೇ ಮೆದು ಎಲುಬನ್ನೂ ಅದರ ಕೆಳಗಿನ ಗಟ್ಟಿ ಎಲುಬನ್ನೂ ಸವೆಸುತ್ತದೆ. ಆಗ ಬೆರಳುಗಳು ಒಂದು ಕಡೆಗೆ ವಾಲುತ್ತವೆ, ಮಣಿಕಟ್ಟು ಮಡಚಲು ಬರುವುದಿಲ್ಲ. ಹೀಗೆ ಒಮ್ಮೆ ಹಾಳಾದ ಕೀಲನ್ನು ಯಾವ ಗುಳಿಗೆಯೂ ಮೊದಲಿನಂತೆ ಮಾಡಲಾರದು. ಎಲುಬು ಸವೆಯುವುದು ಹೆಚ್ಚಿನವರಲ್ಲಿ ರೋಗದ ಮೊದಲ ಎರಡು ವರ್ಷಗಳಲ್ಲಿಯೇ ಶುರುವಾಗುತ್ತದೆ. ಆದ್ದರಿಂದಲೇ "ಇನ್ನೊಂದು ವರ್ಷ ನೋಡೋಣ" ಎನ್ನುವುದು ಸರಿಯಲ್ಲ.

ಈ ರೋಗ ಸಾವಿರ ವಯಸ್ಕರಲ್ಲಿ ಸುಮಾರು 5ರಿಂದ 10 ಜನರಿಗೆ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಸಾಮಾನ್ಯವಾಗಿ 30ರಿಂದ 60 ವರ್ಷದೊಳಗೆ ಶುರುವಾದರೂ ಯಾವ ವಯಸ್ಸಿನಲ್ಲಿಯೂ ಬರಬಹುದು. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಯಾರ ಶಾಪವೂ ಅಲ್ಲ, ಯಾರ ತಪ್ಪೂ ಅಲ್ಲ. ಮನೆತನದಲ್ಲಿ ಯಾರಿಗಾದರೂ ಇದ್ದರೆ ಉಳಿದವರಿಗೆ ಬರುವ ಸಾಧ್ಯತೆ ತುಸು ಹೆಚ್ಚು. ಆದರೆ ತಾಯಿಗೆ ಇದ್ದರೆ ಮಗಳಿಗೆ ಬಂದೇ ಬರುತ್ತದೆ ಎಂದೇನೂ ಇಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಈ ರೋಗ ಬರುವ ಸಾಧ್ಯತೆ ಹೆಚ್ಚು, ಬಂದ ಮೇಲೆ ಔಷಧಿಯ ಗುಣವೂ ಕಡಿಮೆ.

ಎಲ್ಲ ಕೀಲುನೋವೂ ಒಂದೇ ಅಲ್ಲ

"ನಮ್ಮತ್ತೆಗೂ ಮೊಣಕಾಲು ನೋವು, ನನಗೂ ಅದೇ" ಎಂದುಕೊಂಡು ಅತ್ತೆಯ ಗುಳಿಗೆಯನ್ನು ಸೊಸೆ ನುಂಗುವುದುಂಟು. ಇದು ತಪ್ಪು. ಕೆಲವು ವ್ಯತ್ಯಾಸಗಳನ್ನು ತಿಳಿದಿರಿ.

ವಯಸ್ಸಾದವರ ಸವಕಳಿ ಸಂಧಿವಾತ: ಹೆಚ್ಚಾಗಿ ಮೊಣಕಾಲಿಗೆ ಬರುತ್ತದೆ. ನಡೆದರೆ, ಮೆಟ್ಟಿಲು ಹತ್ತಿದರೆ ನೋವು. ಕುಳಿತರೆ ಕಡಿಮೆ. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ.

ಆರ್.ಎ.: ಕೈ ಬೆರಳುಗಳ ಬುಡದ ಮತ್ತು ನಡುವಿನ ಗೆಣ್ಣು, ಮಣಿಕಟ್ಟು, ಕಾಲ್ಬೆರಳುಗಳ ಬುಡ, ಇಂಥ ಸಣ್ಣ ಕೀಲುಗಳಲ್ಲಿ ಮೊದಲು ಶುರುವಾಗುತ್ತದೆ. ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ ಒಟ್ಟಿಗೇ ಬರುತ್ತದೆ. ಮುಂಜಾನೆಯ ಬಿಗಿತ ಗಂಟೆಗಟ್ಟಲೆ ಇರುತ್ತದೆ. ಕೆಲಸ ಮಾಡುತ್ತ ಹೋದಂತೆ ಕೈ ಸ್ವಲ್ಪ ಸಡಿಲವಾಗುತ್ತದೆ. ಜೊತೆಗೆ ಸುಸ್ತು, ಸಣ್ಣ ಜ್ವರ, ಹಸಿವಿಲ್ಲದಿರುವುದು, ರಕ್ತ ಕಡಿಮೆಯಾಗುವುದು ಇರಬಹುದು.

ಚಿಕೂನ್‌ಗುನ್ಯಾ: 2006ರಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷಗಟ್ಟಲೆ ಜನ ಈ ಜ್ವರದಿಂದ ನರಳಿದ್ದನ್ನು ಹಿರಿಯರು ಮರೆತಿರಲಾರರು. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿಯುತ್ತದೆ. ಜ್ವರ ಬಂದು ಹೋಗಿ ಮೂರು ತಿಂಗಳಾದರೂ ಬಾವು ಇಳಿಯದಿದ್ದರೆ ಮತ್ತೆ ತೋರಿಸಬೇಕು.

ಗೌಟ್: ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಬರುವುದು. ಹೆಚ್ಚಾಗಿ ಗಂಡಸರಲ್ಲಿ, ಕಾಲಿನ ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಾಗಿ ಬಾತು, ಹೊದಿಕೆ ತಗುಲಿದರೂ ತಾಳಲಾಗದಷ್ಟು ನೋವು.

ಬೆನ್ನೆಲುಬಿನ ವಾತ: 20ರಿಂದ 40ರ ಹರೆಯದವರಲ್ಲಿ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಸೊಂಟ ಮತ್ತು ಬೆನ್ನು ಬೆಳಗಿನ ಜಾವ ಹಿಡಿದುಕೊಂಡು, ಓಡಾಡಿದರೆ ಸಡಿಲವಾಗುತ್ತದೆ. ವೈದ್ಯರು ಇದನ್ನು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ.

ಲೂಪಸ್: ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಲ್ಲಿ ಕೀಲುನೋವಿನ ಜೊತೆ ಮೂಗು ಕೆನ್ನೆಗಳ ಮೇಲೆ ಬಿಸಿಲಿಗೆ ಹೆಚ್ಚಾಗುವ ಕೆಂಪು ಕಲೆ, ಬಾಯಿ ಹುಣ್ಣು, ಕೂದಲು ಉದುರುವುದು. ಮೂತ್ರಪಿಂಡಕ್ಕೂ ತೊಂದರೆ ಆಗಬಹುದಾದ್ದರಿಂದ ಮೂತ್ರ ಪರೀಕ್ಷೆ ಬಹಳ ಮುಖ್ಯ.

ಒಟ್ಟಿನಲ್ಲಿ, ಕೈ ಅಥವಾ ಕಾಲಿನ ಸಣ್ಣ ಕೀಲುಗಳ ಬಾವು ಆರು ವಾರಕ್ಕಿಂತ ಹೆಚ್ಚು ಇದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಪರೀಕ್ಷೆಗಳ ಬಗ್ಗೆ ಎರಡು ಮಾತು

ರೋಗವನ್ನು ಗುರುತಿಸುವುದು ಮೊದಲು ವೈದ್ಯರ ಕೈ ಮತ್ತು ಕಣ್ಣು. ಅವರು ಒಂದೊಂದೇ ಕೀಲನ್ನು ಒತ್ತಿ ನೋಡುತ್ತಾರೆ. ನಂತರ ರಕ್ತ ಪರೀಕ್ಷೆ, ಎಕ್ಸರೇ. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎಂಬ ಪರೀಕ್ಷೆಗಳು ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ಹೇಳುತ್ತವೆ. ಆರ್.ಎ. ಫ್ಯಾಕ್ಟರ್ ಮತ್ತು ಆ್ಯಂಟಿ ಸಿ.ಸಿ.ಪಿ. ಎಂಬುವು ರೋಗದ ಗುರುತು ಹಿಡಿಯಲು ನೆರವಾಗುತ್ತವೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಬಂದವರಿಗೆಲ್ಲ ಈ ರೋಗ ಇದೆ ಎಂದಲ್ಲ. ಆರೋಗ್ಯವಂತ ಹಿರಿಯರಲ್ಲಿಯೂ ಅದು ಪಾಸಿಟಿವ್ ಇರಬಹುದು. ಹಾಗೆಯೇ ನೆಗೆಟಿವ್ ಬಂದ ಮಾತ್ರಕ್ಕೆ ರೋಗ ಇಲ್ಲ ಎಂದೂ ಅಲ್ಲ. ಕೆಲವರಲ್ಲಿ ಎರಡೂ ಪರೀಕ್ಷೆ ನೆಗೆಟಿವ್ ಇದ್ದು ರೋಗ ಇರುತ್ತದೆ. ಇನ್ನೊಂದು ಮಾತು, ಆರ್.ಎ. ಫ್ಯಾಕ್ಟರ್ ಒಮ್ಮೆ ಪಾಸಿಟಿವ್ ಬಂದ ಮೇಲೆ ಪ್ರತಿ ಬಾರಿ ಅದನ್ನೇ ಮಾಡಿಸಿ ಹಣ ಕಳೆಯಬೇಕಿಲ್ಲ. ರೋಗ ಹಿಡಿತದಲ್ಲಿದೆಯೇ ಎಂದು ನೋಡಲು ಕೀಲುಗಳ ತಪಾಸಣೆ, ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಸಾಕು.

ಗುಳಿಗೆಗಳಲ್ಲಿ ಮೂರು ಬಗೆ

ಮನೆಗೆ ಹೋದ ಮೇಲೆ ನಿಮ್ಮ ಗುಳಿಗೆಗಳನ್ನು ಮುಂದಿಟ್ಟುಕೊಂಡು, ಯಾವುದು ಯಾವ ಗುಂಪಿನದು ಎಂದು ಗುರುತು ಮಾಡಿಕೊಳ್ಳಿ.

1. ನೋವಿನ ಗುಳಿಗೆಗಳು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ಎಟೋರಿಕಾಕ್ಸಿಬ್ ಮುಂತಾದವು. ನುಂಗಿದ ಕೆಲವೇ ಗಂಟೆಗಳಲ್ಲಿ ನೋವು, ಬಾವು ಕಡಿಮೆಯಾಗುತ್ತದೆ. ಆದರೆ ಎಲುಬು ಸವೆಯುವುದನ್ನು ಇವು ತಡೆಯುವುದಿಲ್ಲ. ಬಹಳ ದಿನ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಬಿ.ಪಿ. ಏರಬಹುದು, ಮೂತ್ರಪಿಂಡ ಕೆಡಬಹುದು. ಅಗತ್ಯವಿದ್ದಷ್ಟು ದಿನ ಮಾತ್ರ, ಊಟವಾದ ಮೇಲೆ, ವೈದ್ಯರು ಹೇಳಿದಂತೆ ತೆಗೆದುಕೊಳ್ಳಿ.

2. ಸ್ಟೆರಾಯ್ಡ್. ಪ್ರೆಡ್ನಿಸೊಲೋನ್ ಇದರಲ್ಲಿ ಸಾಮಾನ್ಯವಾದದ್ದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಈ ರೋಗದಿಂದ ಹಾಸಿಗೆ ಹಿಡಿದಿದ್ದ ಮಹಿಳೆಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ಅದನ್ನು ಹೆಚ್ಚು ಪ್ರಮಾಣದಲ್ಲಿ, ಬಹುಕಾಲ ಕೊಟ್ಟಾಗ ಏನಾಗುತ್ತದೆ ಎಂಬುದೂ ಬೇಗನೆ ತಿಳಿಯಿತು: ಮುಖ ದುಂಡಗಾಗುವುದು, ಸಕ್ಕರೆ ಕಾಯಿಲೆ, ಬಿ.ಪಿ., ಎಲುಬು ಟೊಳ್ಳಾಗುವುದು, ಕಣ್ಣಿನ ಪೊರೆ, ಸೋಂಕು. ಆದ್ದರಿಂದ ಈಗ ಇದನ್ನು ಕಡಿಮೆ ಪ್ರಮಾಣದಲ್ಲಿ, ರೋಗದ ಗುಳಿಗೆ ಕೆಲಸ ಶುರುಮಾಡುವವರೆಗೆ, ಸ್ವಲ್ಪ ಕಾಲ ಮಾತ್ರ ಕೊಡುತ್ತಾರೆ. ಬಹಳ ದಿನ ತೆಗೆದುಕೊಂಡವರು ಇದನ್ನು ಒಮ್ಮೆಲೇ ನಿಲ್ಲಿಸಬಾರದು, ಜೀವಕ್ಕೆ ಅಪಾಯ. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ಒಂದು ಎಚ್ಚರಿಕೆ. ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಉಂಡೆ, "ಮೂರೇ ದಿನದಲ್ಲಿ ಗುಣ" ಎಂದು ಮಾರುವ ಗುಳಿಗೆಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದು ಉಂಟು. ತೆಗೆದುಕೊಂಡ ಕೂಡಲೇ ನೋವು ಮಾಯವಾಗಿ, ಬಿಟ್ಟ ಕೂಡಲೇ ಇಮ್ಮಡಿಯಾಗಿ ಮರಳಿದರೆ ಅನುಮಾನಿಸಿ. ಆಯುರ್ವೇದವಾಗಲಿ ಬೇರೆ ಔಷಧಿಯಾಗಲಿ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ನಮಗೆ ತೋರಿಸಿ. ಯಾರೂ ಬೈಯುವುದಿಲ್ಲ.

3. ರೋಗದ ಗುಳಿಗೆಗಳು. ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್, ಲೆಫ್ಲುನೊಮೈಡ್. ತಪ್ಪು ದಾರಿ ಹಿಡಿದ ರೋಗನಿರೋಧಕ ಶಕ್ತಿಯನ್ನು ಹದಕ್ಕೆ ತಂದು ಕೀಲನ್ನು ಉಳಿಸುವುದು ಇವುಗಳ ಕೆಲಸ. ಇವು ನಿಧಾನ. ಗುಣ ಕಾಣಲು 6ರಿಂದ 12 ವಾರ ಬೇಕು. "ಒಂದು ತಿಂಗಳು ತಗೊಂಡೆ, ಏನೂ ಆಗಲಿಲ್ಲ" ಎಂದು ಬಿಟ್ಟವರು, ಬಿತ್ತಿದ ಬೀಜ ಮೊಳೆಯುವ ಮೊದಲೇ ಹೊಲ ಹರಗಿದಂತೆ ಮಾಡಿಕೊಳ್ಳುತ್ತಾರೆ.

ವಾರಕ್ಕೊಮ್ಮೆ ಮಾತ್ರ: ಮೆಥೊಟ್ರೆಕ್ಸೇಟ್

ಈ ಭಾಗವನ್ನು ಎರಡು ಸಲ ಓದಿ.

ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ತಾಯಿಯನ್ನು ವಾರ್ಡಿಗೆ ಸೇರಿಸಿಕೊಳ್ಳಬೇಕಾಯಿತು. ಬಾಯಿ ತುಂಬ ಹುಣ್ಣು, ನೀರು ಸಹ ನುಂಗಲಾಗುತ್ತಿರಲಿಲ್ಲ, ಮೈ ಸುಡುವ ಜ್ವರ. ರಕ್ತದಲ್ಲಿ ಬಿಳಿ ಕಣಗಳು ತೀರಾ ಇಳಿದಿದ್ದವು. ಮಗ ತಂದ ಚೀಲದಲ್ಲಿ ಮೆಥೊಟ್ರೆಕ್ಸೇಟ್ ಪಟ್ಟಿ ಖಾಲಿಯಾಗಿತ್ತು. ವಾರಕ್ಕೊಮ್ಮೆ ನುಂಗಬೇಕಾದ ಗುಳಿಗೆಯನ್ನು ಅವರು ಹತ್ತು ದಿನ ದಿನಾಲೂ ನುಂಗಿದ್ದರು. ಚೀಟಿಯಲ್ಲಿ "ವಾರಕ್ಕೊಮ್ಮೆ" ಎಂದೇ ಬರೆದಿತ್ತು. ಅದನ್ನು ಓದಿ ಹೇಳುವವರು ಮನೆಯಲ್ಲಿ ಇರಲಿಲ್ಲ. ಗುಳಿಗೆ ಕೊಡುವಾಗ ಬಾಯಿಮಾತಿನಲ್ಲಿ ಹೇಳಿಯೂ ಇದ್ದೆವು. ಆದರೆ ತಿಳಿಯಿತೇ ಎಂದು ತಿರುಗಿ ಕೇಳಿರಲಿಲ್ಲ. ಹದಿನೆಂಟು ದಿನ ಚಿಕಿತ್ಸೆ ಮಾಡಿದ ಮೇಲೆ ಆ ತಾಯಿ ಉಳಿದು ಮನೆಗೆ ಹೋದರು. ಅಂದಿನಿಂದ ನಾನು ಈ ಗುಳಿಗೆಯನ್ನು ವಿವರಿಸಿದ ಮೇಲೆ, "ಈಗ ನೀವು ನನಗೆ ಹೇಳಿರಿ" ಎಂದು ಕೇಳದೆ ಯಾರನ್ನೂ ಕಳುಹಿಸುವುದಿಲ್ಲ. ನಿಮ್ಮನ್ನೂ ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.

ಮೆಥೊಟ್ರೆಕ್ಸೇಟ್ ಆರ್.ಎ.ಗೆ ಮೊದಲು ಕೊಡುವ ಮುಖ್ಯ ಔಷಧಿ. ಸರಿಯಾಗಿ ತೆಗೆದುಕೊಂಡರೆ ಒಳ್ಳೆಯದು, ಬೆಲೆಯೂ ಕಡಿಮೆ. ಪಾಲಿಸಬೇಕಾದ ನಿಯಮಗಳು ಇವು:

* ವಾರದಲ್ಲಿ ಒಂದೇ ದಿನ. ಆ ದಿನವನ್ನು ನೀವೇ ಆರಿಸಿಕೊಳ್ಳಿ. ನಿಮ್ಮೂರ ಸಂತೆಯ ದಿನವನ್ನೇ ಆರಿಸಿಕೊಂಡರೆ ಮರೆಯುವುದಿಲ್ಲ. ಗುಳಿಗೆಯ ಪಟ್ಟಿಯ ಮೇಲೆ ಆ ವಾರದ ಹೆಸರು ಬರೆಸಿಕೊಳ್ಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
* ಗುಳಿಗೆಯನ್ನು ದಿನನಿತ್ಯದ ಗುಳಿಗೆಗಳ ಡಬ್ಬಿಯಲ್ಲಿ ಇಡಬೇಡಿ. ಬೇರೆ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ.
* 2.5, 5, 7.5, 10 ಮಿಲಿಗ್ರಾಂ ಹೀಗೆ ಬೇರೆ ಬೇರೆ ಪ್ರಮಾಣದ ಗುಳಿಗೆಗಳು ಬರುತ್ತವೆ. ಅಂಗಡಿಯವರು ಕೊಟ್ಟ ಪಟ್ಟಿಯ ಮೇಲಿನ ಅಂಕಿ ಹಿಂದಿನದೇ ಇದೆಯೇ ನೋಡಿ. ಬೇರೆ ಇದ್ದರೆ ನುಂಗುವ ಮೊದಲು ಕೇಳಿ.
* ಮರೆತರೆ, ಒಂದೆರಡು ದಿನದೊಳಗೆ ನೆನಪಾದರೆ ತೆಗೆದುಕೊಳ್ಳಬಹುದು. ಅದಕ್ಕಿಂತ ತಡವಾದರೆ ಆ ವಾರ ಬಿಟ್ಟುಬಿಡಿ. ಮುಂದಿನ ವಾರ ಎರಡು ಪಾಲು ನುಂಗಬೇಡಿ.
* ಇದರ ಜೊತೆ ಫೋಲಿಕ್ ಆಮ್ಲದ ಗುಳಿಗೆ ಕೊಟ್ಟಿರುತ್ತಾರೆ. ಬಾಯಿ ಹುಣ್ಣು, ವಾಕರಿಕೆ, ಯಕೃತ್ತಿನ ತೊಂದರೆ ಕಡಿಮೆ ಮಾಡಲು ಅದು ಬೇಕು. ಹೇಳಿದ ದಿನಗಳಂದು ತಪ್ಪದೆ ತೆಗೆದುಕೊಳ್ಳಿ. ಎರಡೂ ಸಣ್ಣ ಗುಳಿಗೆಗಳೇ ಆದ್ದರಿಂದ ಅದಲು ಬದಲಾಗದಂತೆ ನೋಡಿಕೊಳ್ಳಿ.
* ಮದ್ಯಪಾನ ಬೇಡ. ಎರಡೂ ಸೇರಿ ಯಕೃತ್ತನ್ನು ಕೆಡಿಸುತ್ತವೆ.
* ಜ್ವರ, ಸೋಂಕು ಇದ್ದ ವಾರ ಗುಳಿಗೆ ನುಂಗುವ ಮೊದಲು ವೈದ್ಯರನ್ನು ಕೇಳಿ. ಬೇರೆ ವೈದ್ಯರ ಬಳಿ ಹೋದಾಗ "ನಾನು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ" ಎಂದು ಹೇಳಿ. ಕೋಟ್ರೈಮೊಕ್ಸಜೋಲ್ ಎಂಬ ಸಲ್ಫಾ ಗುಳಿಗೆಯನ್ನು ಇದರೊಡನೆ ತೆಗೆದುಕೊಳ್ಳಬಾರದು.
* ರಕ್ತ ಪರೀಕ್ಷೆ ತಪ್ಪಿಸಬೇಡಿ. ಮೊದಲ ಮೂರು ತಿಂಗಳು 2ರಿಂದ 4 ವಾರಕ್ಕೊಮ್ಮೆ, ನಂತರ 2–3 ತಿಂಗಳಿಗೊಮ್ಮೆ ರಕ್ತಕಣ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ ಆಗಬೇಕು. ತೊಂದರೆ ಹೊರಗೆ ಕಾಣುವ ಮೊದಲೇ ರಕ್ತದಲ್ಲಿ ತಿಳಿಯುತ್ತದೆ.

"ಇದು ಕ್ಯಾನ್ಸರ್ ಗುಳಿಗೆಯಂತೆ, ಹೌದೇ?"

ಔಷಧಿ ಅಂಗಡಿಯಲ್ಲಿ ಯಾರಾದರೂ ಹೀಗೆ ಹೇಳಿದ ಕೂಡಲೇ ಹೆದರಿ ಗುಳಿಗೆ ಬಿಟ್ಟವರು ಬಹಳ ಜನ ಇದ್ದಾರೆ. ನಿಜ ಏನೆಂದರೆ, ಮೆಥೊಟ್ರೆಕ್ಸೇಟನ್ನು ಮೊದಲು ಕ್ಯಾನ್ಸರಿಗೆ ಬಳಸಿದರು, ಈಗಲೂ ಬಳಸುತ್ತಾರೆ. ಅಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಮಿಲಿಗ್ರಾಂ ಕೊಡುವುದುಂಟು. ಸಂಧಿವಾತಕ್ಕೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ. ನಿಮಗೆ ಕ್ಯಾನ್ಸರ್ ಇದೆ ಎಂದು ಇದರ ಅರ್ಥವಲ್ಲ.

ಈ ಔಷಧಿಯ ಹಿಂದೆ ಇರುವವರು ನಮ್ಮ ದೇಶದವರೇ ಆದ ಎಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. 1940ರ ದಶಕದಲ್ಲಿ ಅವರ ತಂಡವೇ ಫೋಲಿಕ್ ಆಮ್ಲವನ್ನು ತಯಾರಿಸುವ ಬಗೆ ಕಂಡುಹಿಡಿಯಿತು, ಅದೇ ತಂಡ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಮೆಥೊಟ್ರೆಕ್ಸೇಟನ್ನೂ ತಯಾರಿಸಿತು. ನಿಮ್ಮ ಚೀಟಿಯಲ್ಲಿ ಒಂದರ ಕೆಳಗೊಂದು ಬರೆದಿರುವ ಆ ಎರಡು ಗುಳಿಗೆಗಳು ಒಂದೇ ಪ್ರಯೋಗಾಲಯದ ಮಕ್ಕಳು. ಸುಬ್ಬರಾವ್ 1948ರಲ್ಲಿ ತೀರಿಕೊಂಡರು. ಮೆಥೊಟ್ರೆಕ್ಸೇಟನ್ನು ಆರ್.ಎ.ಗೆ ಬಳಸಲು ಅಮೆರಿಕದ ಸರ್ಕಾರ 1988ರಲ್ಲಿ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಜಗತ್ತಿನಾದ್ಯಂತ ಲಕ್ಷಾಂತರ ಜನ ಇದನ್ನು ವರ್ಷಗಟ್ಟಲೆ ತೆಗೆದುಕೊಂಡಿದ್ದಾರೆ.

ಉಳಿದ ಔಷಧಿಗಳು

ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಳ್ಳುವವರು ಶುರುವಿನಲ್ಲಿ ಒಮ್ಮೆ, ನಂತರ ವೈದ್ಯರು ಹೇಳಿದಾಗಲೆಲ್ಲ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಐದು ವರ್ಷವಾದ ಮೇಲೆ ಪ್ರತಿ ವರ್ಷ ಕಡ್ಡಾಯ. ಸಲ್ಫಾಸಲಜಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ಬರಬಹುದು, ಹೆದರಬೇಕಿಲ್ಲ. ಇವುಗಳಿಂದ ರೋಗ ಹಿಡಿತಕ್ಕೆ ಬಾರದಿದ್ದರೆ ಬಯೋಲಾಜಿಕ್ ಚುಚ್ಚುಮದ್ದು, ಟೊಫಾಸಿಟಿನಿಬ್ ಗುಳಿಗೆ ಮುಂತಾದವು ಇವೆ. ಅವುಗಳನ್ನು ಶುರುಮಾಡುವ ಮೊದಲು ಎದೆಯ ಎಕ್ಸರೇ ಮತ್ತು ಕ್ಷಯದ ಪರೀಕ್ಷೆ ಆಗಲೇಬೇಕು. ಮೈಯೊಳಗೆ ಮಲಗಿರುವ ಕ್ಷಯದ ರೋಗಾಣು ಆ ಔಷಧಿಗಳಿಂದ ಎಚ್ಚೆತ್ತುಕೊಳ್ಳಬಹುದು.

ಕೂಡಲೇ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

* ಬಾಯಿ ತುಂಬ ಹುಣ್ಣು, ಜ್ವರ, ಗಂಟಲು ನೋವು
* ಒಣ ಕೆಮ್ಮು, ಉಸಿರುಗಟ್ಟುವುದು
* ಕಣ್ಣು, ಮೂತ್ರ ಹಳದಿಯಾಗುವುದು
* ಮಲ ಡಾಂಬರಿನಂತೆ ಕಪ್ಪಾಗುವುದು, ರಕ್ತ ವಾಂತಿ, ಚರ್ಮದ ಮೇಲೆ ಕೆಂಪು ಚುಕ್ಕೆ
* ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಬಾತು ಜ್ವರ ಬರುವುದು
* ಕಣ್ಣು ಕೆಂಪಾಗಿ ತೀವ್ರ ನೋವು
* ಕತ್ತು ನೋವಿನ ಜೊತೆ ಕೈಕಾಲು ಜೋಮು ಹಿಡಿಯುವುದು, ಬಲ ಕಡಿಮೆಯಾಗುವುದು

ಆರ್.ಎ. ಬಹಳ ವರ್ಷದಿಂದ ಇರುವವರು ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ವೈದ್ಯರಿಗೆ ತಿಳಿಸಬೇಕು. ಕತ್ತಿನ ಕೀಲು ಸಡಿಲವಾಗಿರಬಹುದು.

ಮಗು ಬೇಕೆನ್ನುವವರಿಗೆ

ಆರ್.ಎ. ಇದ್ದವರು ಮದುವೆಯಾಗಬಹುದು, ತಾಯಿಯಾಗಬಹುದು, ಎದೆಹಾಲು ಕೊಡಬಹುದು. ಆದರೆ ಮೊದಲೇ ಯೋಜನೆ ಬೇಕು. ಮೆಥೊಟ್ರೆಕ್ಸೇಟ್ ಮತ್ತು ಲೆಫ್ಲುನೊಮೈಡ್ ಹೊಟ್ಟೆಯೊಳಗಿನ ಕೂಸಿಗೆ ಹಾನಿ ಮಾಡುತ್ತವೆ. ಈ ಗುಳಿಗೆ ತೆಗೆದುಕೊಳ್ಳುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಮಗು ಬೇಕೆಂದಾಗ ಕೆಲವು ತಿಂಗಳು ಮುಂಚೆಯೇ ಹೇಳಿದರೆ ವೈದ್ಯರು ಗರ್ಭಿಣಿಯರಿಗೆ ಒಗ್ಗುವ ಬೇರೆ ಔಷಧಿಗೆ ಬದಲಿಸುತ್ತಾರೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಎದೆಹಾಲು ಕೊಡುವುದು ಸಲ್ಲದು. ಗರ್ಭಿಣಿಯಾಗಿದ್ದಾಗ ಹಲವರಲ್ಲಿ ರೋಗ ತಗ್ಗಿ, ಹೆರಿಗೆಯಾದ ಮೇಲೆ ಮತ್ತೆ ಹೆಚ್ಚುತ್ತದೆ. ಬಾಣಂತಿಯನ್ನು ಆಗ ತವರಿನವರೂ ಗಂಡನ ಮನೆಯವರೂ ಗಮನಿಸಬೇಕು.

ಊಟದ ವಿಚಾರ

"ಸಿಸ್ಟರ್, ಬದನೆಕಾಯಿ ತಿನ್ನಬಹುದೇ? ಆಲೂಗಡ್ಡೆ ವಾಯು ಅಲ್ಲವೇ? ಹುಳಿ ನಂಜಲ್ಲವೇ?" ಎಂದು ಕೇಳದವರಿಲ್ಲ. ಈ ರೋಗವನ್ನು ತರುವ ಅಥವಾ ವಾಸಿ ಮಾಡುವ ಒಂದು ಪದಾರ್ಥ ಎಂಬುದಿಲ್ಲ. ನಿಮಗೆ ಯಾವುದೋ ಒಂದನ್ನು ತಿಂದ ಪ್ರತಿ ಸಲವೂ ನೋವು ಹೆಚ್ಚುತ್ತದೆ ಎಂದು ಖಾತ್ರಿಯಾದರೆ ಅದೊಂದನ್ನು ಬಿಡಿ. ಬೇಳೆ ಬಿಟ್ಟು, ಕಾಳು ಬಿಟ್ಟು, ಮೊಸರು ಬಿಟ್ಟು ಬರೀ ಗಂಜಿ ಕುಡಿದರೆ ರಕ್ತ ಇನ್ನೂ ಕಡಿಮೆಯಾಗಿ ಮೈಯಲ್ಲಿ ಬಲವೇ ಇರುವುದಿಲ್ಲ. ಜೋಳದ ರೊಟ್ಟಿ, ರಾಗಿ, ಹೆಸರುಕಾಳು, ತೊಗರಿಬೇಳೆ, ಸೊಪ್ಪು, ಹಾಲು, ಮೊಸರು, ಶೇಂಗಾ, ಆಯಾ ಕಾಲದ ಹಣ್ಣು ಎಲ್ಲವನ್ನೂ ಹಿತಮಿತವಾಗಿ ತಿನ್ನಿ. ತೂಕ ಹೆಚ್ಚಿದ್ದರೆ ಇಳಿಸಿ, ಮೊಣಕಾಲಿನ ಹೊರೆ ಕಡಿಮೆಯಾಗುತ್ತದೆ. ಈ ರೋಗ ಇದ್ದವರಿಗೆ ಹೃದಯದ ತೊಂದರೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಉಪ್ಪು, ಎಣ್ಣೆ ಮಿತವಾಗಿರಲಿ. ಬೀಡಿ, ತಂಬಾಕು ಪೂರ್ತಿ ಬಿಡಬೇಕು.

ವ್ಯಾಯಾಮ ಮತ್ತು ಮನೆಗೆಲಸ

ಬಾವು ಹೆಚ್ಚಿದ್ದ ದಿನ ಕೀಲಿಗೆ ವಿಶ್ರಾಂತಿ ಬೇಕು. ಆದರೆ ತಿಂಗಳುಗಟ್ಟಲೆ ಮಲಗಿದರೆ ಕೀಲು ಗಟ್ಟಿಯಾಗಿ ಸ್ನಾಯು ಸೊರಗುತ್ತದೆ. ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿ, ಮೆಲ್ಲಗೆ ಮುಷ್ಟಿ ಕಟ್ಟಿ ಬಿಡಿಸಿ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳ ತುದಿಗೆ ಒಂದೊಂದಾಗಿ ಮುಟ್ಟಿಸಿ. ತಲೆ ಬಾಚುವಂತೆ ಎರಡೂ ಕೈ ಮೇಲೆತ್ತಿ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರ ಮಾಡಿ ಐದು ಎಣಿಸಿ ಇಳಿಸಿ. ಪ್ರತಿಯೊಂದನ್ನೂ ಹತ್ತು ಸಲ ಮಾಡಿ. ವ್ಯಾಯಾಮದ ನಂತರದ ನೋವು ಎರಡು ಗಂಟೆ ಮೀರಿದರೆ ಮರುದಿನ ಕಡಿಮೆ ಮಾಡಿ. ಬಿಗಿತಕ್ಕೆ ಬಿಸಿ ಶಾಖ ಹಿತ. ಕೆಂಪಾಗಿ ಬಿಸಿಯಾಗಿರುವ ಕೀಲಿಗೆ ತಣ್ಣೀರಿನ ಬಟ್ಟೆ ಹಿತ. ರಾತ್ರಿ ಮೊಣಕಾಲಿನ ಕೆಳಗೆ ದಿಂಬು ಇಟ್ಟು ಮಲಗಬೇಡಿ, ಕಾಲು ಮಡಚಿದಂತೆಯೇ ಬಿಗಿದುಕೊಳ್ಳುತ್ತದೆ.

ಭಾರವನ್ನು ಸಣ್ಣ ಕೀಲಿನಿಂದ ದೊಡ್ಡ ಕೀಲಿಗೆ ದಾಟಿಸುವುದು ಮನೆಗೆಲಸದ ಗುಟ್ಟು. ತುಂಬಿದ ಕೊಡವನ್ನು ಬೆರಳಿನಿಂದ ಎತ್ತುವ ಬದಲು ಅರ್ಧ ಕೊಡದಂತೆ ಎರಡು ಸಲ ತನ್ನಿ. ಚೀಲವನ್ನು ಬೆರಳಿಗೆ ಸಿಕ್ಕಿಸದೆ ತೋಳಿಗೆ ಹಾಕಿಕೊಳ್ಳಿ. ಬಟ್ಟೆಯನ್ನು ತಿರುಚಿ ಹಿಂಡಬೇಡಿ, ನೀರು ಸೋರುವಂತೆಯೇ ಒಣಗಹಾಕಿ. ಸೌಟು, ಚಾಕುಗಳ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ತಿರುಗಿಸಿ. ರೊಟ್ಟಿಯನ್ನು ಒಂದೇ ಸಮನೆ ಬಡಿಯುವ ಬದಲು ನಾಲ್ಕು ಮಾಡಿ ಕೈಗೆ ಬಿಡುವು ಕೊಡಿ. ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂರುವುದನ್ನು ತಪ್ಪಿಸಿ. ಶೌಚಕ್ಕೆ ಕಮೋಡ್ ಕುರ್ಚಿ ಬಳಸಬಹುದು.

ಮನೆಯವರಿಗೆ ಒಂದು ಮಾತು

ಈ ರೋಗ ಇದ್ದವರು ಮಧ್ಯಾಹ್ನ ಚೆನ್ನಾಗಿ ಓಡಾಡಿಕೊಂಡು ಇರುತ್ತಾರೆ, ಬೆಳಿಗ್ಗೆ ಏಳಲಾರರು. ಅದನ್ನು ನೋಡಿ "ಕೆಲಸ ಬಂದಾಗ ಮಾತ್ರ ನೋವು" ಎಂದು ಆಡಿಕೊಳ್ಳುವುದುಂಟು. ಅದು ಸೋಮಾರಿತನವಲ್ಲ, ಬೆಳಗಿನ ಬಿಗಿತ ಈ ರೋಗದ ಮುಖ್ಯ ಲಕ್ಷಣ. ಮುಂಜಾನೆಯ ಒಂದು ಗಂಟೆಯ ಕೆಲಸವನ್ನು ಮನೆಯ ಬೇರೊಬ್ಬರು ವಹಿಸಿಕೊಂಡರೆ ಉಳಿದ ದಿನದ ಕಾಯಕವನ್ನು ಅವರೇ ನಡೆಸಿಕೊಂಡು ಹೋಗುತ್ತಾರೆ. ವಾರದ ಗುಳಿಗೆಯ ದಿನವನ್ನು ರೋಗಿಯ ಜೊತೆ ಮನೆಯಲ್ಲಿ ಇನ್ನೊಬ್ಬರಾದರೂ ತಿಳಿದಿರಬೇಕು. ಗಂಡನಾಗಲಿ, ಮಗನಾಗಲಿ, ಶಾಲೆಗೆ ಹೋಗುವ ಮೊಮ್ಮಗಳಾಗಲಿ, ಯಾರಾದರೂ ಸರಿ.

ಪದೇ ಪದೇ ಕೇಳುವ ಪ್ರಶ್ನೆ

"ಇದು ಪೂರ್ತಿ ವಾಸಿಯಾಗುತ್ತದೆಯೇ? ಗುಳಿಗೆ ಎಷ್ಟು ದಿನ?" ಬಿ.ಪಿ., ಸಕ್ಕರೆ ಕಾಯಿಲೆಯಂತೆ ಇದೂ ಹಿಡಿತದಲ್ಲಿಟ್ಟುಕೊಳ್ಳುವ ರೋಗ. ಬೇಗ ಶುರುಮಾಡಿದವರಲ್ಲಿ ಹಲವರಿಗೆ ಬಾವು, ನೋವು ಪೂರ್ತಿ ಇಳಿಯುತ್ತದೆ. ಆಗ ಗುಳಿಗೆ ಬಿಡಬೇಕೆನಿಸುತ್ತದೆ. ಆದರೆ ಆರಾಮ ಇರುವುದು ಗುಳಿಗೆಯಿಂದಲೇ. ತಾವಾಗಿಯೇ ಬಿಟ್ಟವರಲ್ಲಿ ಹೆಚ್ಚಿನವರಿಗೆ ರೋಗ ಮರಳುತ್ತದೆ. ಬಹಳ ದಿನ ಆರಾಮ ಇದ್ದವರಿಗೆ ಪ್ರಮಾಣವನ್ನು ವೈದ್ಯರೇ ನೋಡಿ ಇಳಿಸುತ್ತಾರೆ.

ಮುಂದಿನ ಸಲ ಬರುವಾಗ ಹಳೆಯ ಚೀಟಿ, ರಕ್ತ ಪರೀಕ್ಷೆಯ ವರದಿ, ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿಗಳನ್ನು ಒಂದೇ ಚೀಲದಲ್ಲಿ ತನ್ನಿ. ಇಂದು ಇಲ್ಲಿಂದ ಹೊರಡುವ ಮುಂಚೆ ನಿಮ್ಮ ವಾರದ ಗುಳಿಗೆ ಯಾವುದು, ಅದು ಯಾವ ದಿನ, ಎಷ್ಟು ಎಂದು ನಮ್ಮ ದಾದಿಯರಲ್ಲಿ ಒಬ್ಬರಿಗೆ ಹೇಳಿ ಹೋಗಿ. ತಪ್ಪಿದ್ದರೆ ಇಲ್ಲಿಯೇ ತಿದ್ದಬಹುದು. ಚೀಟಿ ಓದಲು ಬಾರದೆಂದು ಸಂಕೋಚಪಡಬೇಡಿ. ನೀವು ಹತ್ತು ಸಲ ಕೇಳಿದರೂ ನಾವು ಹತ್ತು ಸಲ ಹೇಳುತ್ತೇವೆ.